ಕಾರಿನ ಬಣ್ಣಕ್ಕೆ ಸೀಲೆಂಟ್: ಒರೆಸಿದರೂ ಹೋಗದ ಕಲೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿವೆ. ಕಾರಿನ ಬಣ್ಣವನ್ನು ಕಾಪಾಡಲೆಂದು ಮನೆಯಲ್ಲೇ ಸೀಲೆಂಟ್ ಹಚ್ಚಿದವರು, ಒರೆಸಿದ ಮೇಲೂ ಬಿಳಿ ಮಬ್ಬು, ಗೆರೆ ಅಥವಾ ಅಂಟು ಉಳಿದಿರುವುದನ್ನು ಕಂಡು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನದು ಕಪ್ಪು ಬಣ್ಣದ ಕಾರು. ಆನ್‌ಲೈನ್‌ನಲ್ಲಿ ಪೇಂಟ್ ಸೀಲೆಂಟ್ ತರಿಸಿ, ಭಾನುವಾರ ಮಧ್ಯಾಹ್ನ ಮನೆಯ ಮುಂದೆಯೇ ಕಾರನ್ನು ತೊಳೆದು, ಇಡೀ ಕಾರಿಗೆ ಒಮ್ಮೆಗೇ ಹಚ್ಚಿದೆ. ಅರ್ಧ ಗಂಟೆ ಬಿಡಬೇಕೆಂದು ಡಬ್ಬಿಯ ಮೇಲೆ ಬರೆದಿದ್ದರಿಂದ ಅಷ್ಟು ಹೊತ್ತು ಬಿಟ್ಟು ಒರೆಸಲು ಹೋದರೆ ಬಟ್ಟೆ ಸರಿಯುತ್ತಲೇ ಇರಲಿಲ್ಲ. ಬಾನೆಟ್ ಮತ್ತು ಟಾಪ್ ಮೇಲೆ ಬಿಳಿ ಮಬ್ಬು, ಅಡ್ಡಾದಿಡ್ಡಿ ಗೆರೆಗಳು ಉಳಿದಿವೆ. ಸಂಜೆಯ ಬಿಸಿಲಿನಲ್ಲಿ ಅವು ನೀರಿನ ಮೇಲೆ ಎಣ್ಣೆ ಹರಡಿದಂತೆ ಬಣ್ಣ ಬಣ್ಣವಾಗಿ ಕಾಣುತ್ತವೆ. ಮಾಲೇ ಕಳಪೆಯೇ? ಇವನ್ನು ತೆಗೆಯುವುದು ಹೇಗೆ?
— ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮಾಲು ಕಳಪೆಯೆಂದು ತೀರ್ಮಾನಿಸಲು ನಿಮ್ಮ ಪತ್ರದಲ್ಲಿ ಆಧಾರವಿಲ್ಲ. ಹಚ್ಚಿದ ಹೊತ್ತು ಮತ್ತು ಹಚ್ಚಿದ ಪ್ರಮಾಣ, ಈ ಎರಡೇ ಇಷ್ಟಕ್ಕೂ ಕಾರಣವಾಗಿರುವಂತೆ ತೋರುತ್ತದೆ.

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸೀಲೆಂಟ್ ಈ ಪದರದ ಮೇಲೆ ಕೂರುವ ಪಾಲಿಮರ್ ಪೊರೆಯಾಗಿದ್ದು, ಒರೆಸಿದ ನಂತರ ಉಳಿಯುವ ಅದರ ದಪ್ಪ ಒಂದು ಮೈಕ್ರಾನನ್ನೂ ಮುಟ್ಟುವುದಿಲ್ಲ. ಡಬ್ಬಿಯಲ್ಲಿ ಪಾಲಿಮರ್ ಮಾತ್ರವಲ್ಲದೆ ಅದನ್ನು ಹರಡಲು ನೆರವಾಗುವ ದ್ರಾವಕ, ಸ್ವಲ್ಪ ಎಣ್ಣೆಯಂಶ, ನೀರು, ಮತ್ತು ಕೆಲವು ಮಾಲುಗಳಲ್ಲಿ ಬಣ್ಣವನ್ನು ಶುಚಿಗೊಳಿಸುವ ನುಣ್ಣನೆಯ ಬಿಳಿ ಪುಡಿಯೂ ಇರುತ್ತವೆ. ದ್ರಾವಕ ಆರುತ್ತಿದ್ದಂತೆ ಬಣ್ಣಕ್ಕೆ ನೇರವಾಗಿ ತಾಗಿರುವ ಪಾಲಿಮರ್ ಮಾತ್ರ ಅಲ್ಲಿ ಹಿಡಿದುಕೊಳ್ಳುತ್ತದೆ. ಅದರ ಮೇಲಿರುವುದೆಲ್ಲ ಒರೆಸಿ ಎಸೆಯಬೇಕಾದ ಹೆಚ್ಚುವರಿ. ದಪ್ಪಗೆ ಹಚ್ಚಿದರೆ ರಕ್ಷಣೆ ಹೆಚ್ಚುತ್ತದೆಂದು ಭಾವಿಸುವವರು ಬಹಳ ಮಂದಿ, ಆದರೆ ಹೆಚ್ಚುವುದು ಒರೆಸುವ ಶ್ರಮ ಮಾತ್ರ. ಸಣ್ಣ ಕಾರೊಂದಕ್ಕೆ ಒಂದು ಸುತ್ತಿಗೆ 20ರಿಂದ 30 ಮಿಲಿಲೀಟರ್ ಸಾಕಾಗುತ್ತದೆ. ಅರ್ಧ ಡಬ್ಬಿ ಮುಗಿದಿದ್ದರೆ ಅದರ ಬಹುಪಾಲು ಕಾರಿನ ಮೇಲೆ ವ್ಯರ್ಥವಾಗಿ ಒಣಗಿದೆ ಎಂದೇ ತಿಳಿಯಬೇಕು.

ಇನ್ನು ಬಿಸಿಯ ವಿಚಾರ. ನೆರಳಿನಲ್ಲಿ 35 ಡಿಗ್ರಿ ಇರುವ ದಿನ ಬಿಸಿಲಿಗೆ ನಿಂತ ಕಪ್ಪು ಕಾರಿನ ಬಾನೆಟ್ 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಅದಕ್ಕಿಂತಲೂ ಮೇಲೇರುತ್ತದೆ. ಅಂತಹ ತಗಡಿನ ಮೇಲೆ ಹಚ್ಚಿದ ಸೀಲೆಂಟಿನ ದ್ರಾವಕ ನೀವು ಪಕ್ಕದ ಬಾಗಿಲಿಗೆ ಹೋಗುವಷ್ಟರಲ್ಲಿ ಹಾರಿಹೋಗಿರುತ್ತದೆ. ಎಣ್ಣೆಯಂಶ ಮತ್ತು ಪಾಲಿಮರ್ ಸೇರಿ ಜಿಗುಟಾಗಿ, ಬಟ್ಟೆಯನ್ನು ಹಿಡಿದೆಳೆಯುವ ಸ್ಥಿತಿಗೆ ಬರುತ್ತವೆ. ನಿಮಗೆ ಬಟ್ಟೆ ಸರಿಯದೆ ಹೋದದ್ದು ಇದರಿಂದಲೇ. ಡಬ್ಬಿಯ ಮೇಲಿನ ಅರ್ಧ ಗಂಟೆ ಎಂಬ ಸೂಚನೆ ಸುಮಾರು 20 ಡಿಗ್ರಿಯ ತಂಪು ವಾತಾವರಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬಳ್ಳಾರಿಯಲ್ಲಿ ಅಂತಹ ಹವೆ ಸಿಗುವುದು ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮಾತ್ರ. ಆದ್ದರಿಂದ ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಒಳ್ಳೆಯದು. ಹಚ್ಚಿದ ಜಾಗದ ಮೇಲೆ ಶುಭ್ರವಾದ ಬೆರಳನ್ನು ಒಮ್ಮೆ ಎಳೆಯಿರಿ. ಬೆರಳು ಹೋದ ದಾರಿಯಲ್ಲಿ ಬಣ್ಣ ಸ್ವಚ್ಛವಾಗಿ ಕಂಡು, ಅಂಚಿನಲ್ಲಿ ಒಣ ಪುಡಿ ಸರಿದರೆ ಒರೆಸುವ ಹೊತ್ತು ಬಂದಿದೆ ಎಂದರ್ಥ. ಬೆರಳಿನೊಡನೆ ಒದ್ದೆಯಾಗಿ ಬಳಿದುಕೊಂಡು ಹೋದರೆ ಇನ್ನೂ ಕಾಯಬೇಕು. ಬೆರಳು ತಡೆದು ತಡೆದು ಸಾಗಿದರೆ ಹೊತ್ತು ಮೀರುತ್ತಿದೆ. ಈ ಪರೀಕ್ಷೆ ಒಣಗಿಸಿ ಒರೆಸುವ ದ್ರವ ಸೀಲೆಂಟುಗಳಿಗೆ ಮಾತ್ರ ಅನ್ವಯಿಸುತ್ತದೆ. ಸ್ಪ್ರೇ ರೂಪದವುಗಳಲ್ಲಿ ಹೆಚ್ಚಿನವನ್ನು ಹಚ್ಚಿದ ಕೂಡಲೇ ಒರೆಸಬೇಕು, ಅವನ್ನು ಒಣಗಲು ಬಿಟ್ಟರೆ ಕಲೆ ಖಚಿತ.

ಈಗ ಉಳಿದಿರುವ ಕಲೆಯನ್ನು ತೆಗೆಯುವ ಬಗೆ. ಬಲ ಹಾಕಿ ಒಣ ಬಟ್ಟೆಯಿಂದ ತಿಕ್ಕುವುದನ್ನು ಮೊದಲು ನಿಲ್ಲಿಸಿ, ಏಕೆಂದರೆ ಕಪ್ಪು ಬಣ್ಣದ ಮೇಲೆ ಅದರಿಂದ ಏಳುವ ಸಣ್ಣ ಗೀರುಗಳು ಸೀಲೆಂಟಿನ ಕಲೆಗಿಂತ ದೊಡ್ಡ ತಲೆನೋವಾಗುತ್ತವೆ. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ತಗಡು ಪೂರ್ತಿ ತಣ್ಣಗಾದ ಮೇಲೆ ಕಾರ್ ಶಾಂಪೂವಿನಿಂದ ತೊಳೆದು ಒರೆಸಿ ನೋಡಿ. ತೆಳುವಾದ ಮಬ್ಬು ಇಷ್ಟಕ್ಕೇ ಹೋಗುವುದುಂಟು. ಹೋಗದಿದ್ದರೆ ಅದೇ ಸೀಲೆಂಟನ್ನೇ ಒಂದಡಿ ಚದರದಷ್ಟು ಜಾಗಕ್ಕೆ ತೆಳ್ಳಗೆ ಹಚ್ಚಿ, ಒಣಗಲು ಬಿಡದೆ ಒಂದು ನಿಮಿಷದೊಳಗೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಬಟ್ಟೆಯ ಮಡಿಕೆ ಬದಲಿಸಿ ಮತ್ತೊಮ್ಮೆ ಒರೆಸಿ. ಕಲೆಯನ್ನು ತೆಗೆಯಲು ಕಲೆ ಮಾಡಿದ ವಸ್ತುವನ್ನೇ ಹಚ್ಚುವುದು ವಿಚಿತ್ರವೆನಿಸಬಹುದು, ಆದರೆ ಹೊಸದಾಗಿ ಹಚ್ಚಿದುದರಲ್ಲಿರುವ ದ್ರಾವಕವೇ ಹಳೆಯ ಅಂಟನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ನಿಮ್ಮ ಕಾರಿಗೆ ಈ ಉಪಾಯವೇ ಸಾಕಾಗಬಹುದು. ಕಲೆ ಹಳೆಯದಾಗಿ ಗಟ್ಟಿಯಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಭಾಗ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಾಲ್ಕು ಭಾಗ ಬೆರೆಸಿ, ಬಟ್ಟೆಗೆ ಚಿಮುಕಿಸಿಕೊಂಡು ಒರೆಸಬಹುದು. ಇತ್ತೀಚೆಗೆ ಬಾಡಿ ಶಾಪಿನಲ್ಲಿ ಪುನಃ ಬಣ್ಣ ಹೊಡೆಸಿದ ಭಾಗವಿದ್ದರೆ ಅಲ್ಲಿಗೆ ಇದನ್ನು ತಾಗಿಸಬೇಡಿ. ಇದಕ್ಕೂ ಬಗ್ಗದೆ ಉಳಿದ ಗೆರೆಗಳಿಗೆ ಅತಿ ನುಣ್ಣನೆಯ ಫಿನಿಶಿಂಗ್ ಪಾಲಿಶ್ ಒಂದೇ ದಾರಿ. ಅದು ಕ್ಲಿಯರ್ ಕೋಟನ್ನೂ ಅಷ್ಟಿಷ್ಟು ಸವೆಸುವುದರಿಂದ ಕಲೆಯಿರುವ ಜಾಗಕ್ಕಷ್ಟೇ ಬಳಸಬೇಕು, ಪಾಲಿಶ್ ಮಾಡಿದ ಜಾಗಕ್ಕೆ ಸೀಲೆಂಟನ್ನು ಹೊಸದಾಗಿ ಹಚ್ಚಬೇಕು.

ಮುಂದಿನ ಸಲ ಬೆಳಗಿನ ಜಾವ ಆರಂಭಿಸಿ, ಬಿಸಿಲು ಏರುವ ಮುನ್ನ ಮುಗಿಸಿ. ಸಂಜೆ ತಂಪಾಗಿದೆಯೆಂದು ನಮಗೆ ಅನ್ನಿಸಿದರೂ ದಿನವಿಡೀ ಕಾದ ತಗಡು, ಅದರಲ್ಲೂ ಆಗಷ್ಟೇ ಓಡಿಸಿ ಬಂದ ಕಾರಿನ ಬಾನೆಟ್, ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅಂಗೈಯ ಹಿಂಬದಿಯನ್ನು ಬಾನೆಟ್ ಮೇಲಿಟ್ಟಾಗ ಬೆಚ್ಚಗೂ ಅನ್ನಿಸಬಾರದು. ಒಂದೊಂದು ಭಾಗವನ್ನಾಗಿ ಹಚ್ಚಿ: ಅರ್ಧ ಬಾನೆಟ್ ಹಚ್ಚಿ, ಪರೀಕ್ಷಿಸಿ, ಒರೆಸಿ, ಆಮೇಲೆ ಉಳಿದರ್ಧ. ಫೋಮ್ ಪ್ಯಾಡನ್ನು ಮೊದಲು ಒಂದೆರಡು ಹನಿ ಸೀಲೆಂಟಿನಿಂದ ಸವರಿ ಹದ ಮಾಡಿಕೊಂಡರೆ ಮುಂದಕ್ಕೆ ಒಂದು ಬಾಗಿಲಿಗೆ ಕಡಲೆಕಾಳು ಗಾತ್ರದ ಎರಡು ಮೂರು ಹನಿಗಳೇ ಸಾಕು. ಹಚ್ಚಿದ ಪದರ ಕಣ್ಣಿಗೆ ಕಂಡೂ ಕಾಣದಂತಿರಬೇಕು, ಬೆಳ್ಳಗೆ ಬಳಿದಂತೆ ಕಂಡರೆ ಅದು ಹೆಚ್ಚಾಗಿದೆ. ಎಲ್ಲ ಸರಿಯಾಗಿ ಮಾಡಿದರೂ ಕೆಲವು ಗಂಟೆಗಳ ನಂತರ ಜಿಡ್ಡಿನಂತಹ ತೆಳು ಮಬ್ಬು ಮೂಡಬಹುದು. ಉಳಿದ ಎಣ್ಣೆಯಂಶ ಮೇಲೆ ಬಂದಿರುವುದು ಅದು, ಮರುದಿನ ಬೆಳಗ್ಗೆ ಶುಭ್ರವಾದ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ಪ್ರಶ್ನೆ: ಸೀಲೆಂಟ್ ಹಚ್ಚಿ ವಾರವಾದ ಮೇಲೆ ಕಾರು ತೊಳೆದೆವು. ಈಗ ಮೈತುಂಬ ಬಿಳಿ ಚುಕ್ಕೆಗಳು. ಸೀಲೆಂಟ್ ಸರಿಯಾಗಿ ಒರೆಸದೆ ಉಳಿದದ್ದೇ ಹೀಗೆ ಎದ್ದಿದೆಯೇ? ನಮ್ಮಲ್ಲಿ ಬೋರ್‌ವೆಲ್ ನೀರು. ಸ್ಥಾವರದ ಬೂದಿಯೂ ದಿನಾಲೂ ಕಾರಿನ ಮೇಲೆ ಕೂರುತ್ತದೆ.
— ಶಕ್ತಿನಗರದ ಓದುಗರು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮದು ಸೀಲೆಂಟಿನ ಕಲೆಯಲ್ಲ, ನೀರಿನ ಕಲೆ. ಎರಡನ್ನೂ ಪ್ರತ್ಯೇಕಿಸುವುದು ಕಷ್ಟವಲ್ಲ. ಸೀಲೆಂಟಿನ ಕಲೆ ಕೈ ಆಡಿದ ದಿಕ್ಕನ್ನು ಅನುಸರಿಸಿ ಗೆರೆಯಾಗಿಯೋ ಬಳಿದಂತೆಯೋ ಇರುತ್ತದೆ. ನೀರಿನ ಕಲೆ ಹನಿಯ ಆಕಾರದಲ್ಲಿ ದುಂಡಗಿದ್ದು, ನಡುವಿಗಿಂತ ಅಂಚು ದಪ್ಪವಾಗಿರುತ್ತದೆ, ಉಗುರು ತಾಗಿಸಿದರೆ ಒರಟಾಗಿ ಸಿಗುತ್ತದೆ. ಸೀಲೆಂಟ್ ಇರುವ ಕಾರಿನಲ್ಲಿ ನೀರು ಹರಡದೆ ಉಬ್ಬಿದ ಹನಿಗಳಾಗಿ ನಿಲ್ಲುವುದರಿಂದ ಅವು ನಿಂತಲ್ಲೇ ಒಣಗಿ, ಗಡಸು ನೀರಿನಲ್ಲಿರುವ ಸುಣ್ಣದಂಶ ಅಷ್ಟೂ ಒಂದೇ ಜಾಗದಲ್ಲಿ ಕೂರುತ್ತದೆ. ಎಂದರೆ ಸೀಲೆಂಟ್ ಚೆನ್ನಾಗಿ ಹಿಡಿದಿರುವುದಕ್ಕೆ ಈ ಚುಕ್ಕೆಗಳೇ ಸಾಕ್ಷಿ, ಆದರೆ ನೋಡುವವರಿಗೆ ಅದರಿಂದ ಸಮಾಧಾನವಾಗುವುದಿಲ್ಲ ಎಂಬುದೂ ನಿಜ.

ಬಿಳಿ ವಿನೆಗರ್ ಮತ್ತು ಶುದ್ಧ ನೀರನ್ನು ಸಮಪಾಲು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚುಕ್ಕೆಗಳ ಮೇಲೆ ಒಂದು ನಿಮಿಷ ಹಾಸಿಡಿ. ಸುಣ್ಣದಂಶ ಕರಗುತ್ತದೆ. ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಇದನ್ನು ನೆರಳಿನಲ್ಲೇ ಮಾಡಬೇಕು, ವಿನೆಗರ್ ಬಣ್ಣದ ಮೇಲೆ ಒಣಗಬಾರದು. ಮುಂದಕ್ಕೆ ಬೋರ್‌ವೆಲ್ ನೀರಿನಿಂದಲೇ ತೊಳೆದರೂ ಕೊನೆಯ ಸಲ ಹಾಯಿಸುವ ನೀರನ್ನು ಮಾತ್ರ ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ. 20 ಲೀಟರಿನ ಒಂದು ಕ್ಯಾನ್ ಕಾರೊಂದಕ್ಕೆ ಸಾಕು. ತೊಳೆದ ಕಾರನ್ನು ತಾನಾಗಿ ಒಣಗಲು ಬಿಡದೆ ದೊಡ್ಡ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಿರಿ.

ಬೂದಿಯ ವಿಷಯ ಬೇರೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಕಲ್ಲಿದ್ದಲು ಉರಿಸುತ್ತಿರುವುದು 1985ರಿಂದ, ಅಲ್ಲಿ ಕಾರು ಇಟ್ಟುಕೊಂಡವರಿಗೆ ಈ ಬೂದಿ ಹೊಸದಲ್ಲ. ಹಾರುಬೂದಿಯಲ್ಲಿ ಹೆಚ್ಚಿನ ಅಂಶ ಸಿಲಿಕಾ ಮತ್ತು ಅಲ್ಯೂಮಿನಾ, ಎರಡೂ ಬಣ್ಣಕ್ಕಿಂತ ಬಹಳ ಗಟ್ಟಿ. ಬೆಳಗ್ಗೆ ಎದ್ದು ಒಣ ಬಟ್ಟೆಯಿಂದ ಕಾರನ್ನು ಝಾಡಿಸಿ ಒರೆಸುವ ನಮ್ಮ ಕಡೆಯ ಅಭ್ಯಾಸ ಅಲ್ಲಿ ನುಣ್ಣನೆಯ ಮರಳು ಕಾಗದ ಉಜ್ಜಿದ ಕೆಲಸವನ್ನೇ ಮಾಡುತ್ತದೆ. ನೀರು ಹಾಯಿಸದೆ ಬಟ್ಟೆ ಮುಟ್ಟಿಸಬೇಡಿ. ಸೀಲೆಂಟ್ ಹಚ್ಚುವಾಗಲಂತೂ ಬೂದಿ ಒದ್ದೆ ಪದರದ ಮೇಲೆ ಬಿದ್ದು ಅದರೊಳಗೇ ಸೇರಿಹೋಗುತ್ತದೆ, ಆಗ ಒರೆಸಿದ ಪ್ರತಿ ಸಲವೂ ಗೀರು ಬೀಳುತ್ತದೆ. ಮುಚ್ಚಿದ ಜಾಗವಿಲ್ಲದಿದ್ದರೆ ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಂಡು ಗೋಡೆಯ ಮರೆಯಲ್ಲಿ ಮಾಡಿ. ಬೇವಿನ ಮರದ ನೆರಳು ಆಕರ್ಷಕವೇ, ಆದರೆ ಹೂವು ಉದುರುವ ಕಾಲದಲ್ಲಿ ಮತ್ತು ಹಕ್ಕಿಗಳು ಇರುವ ಎಲ್ಲ ಕಾಲದಲ್ಲಿ ಅದು ಈ ಕೆಲಸಕ್ಕೆ ತಕ್ಕ ಜಾಗವಲ್ಲ.

ಪ್ರಶ್ನೆ: ನಮ್ಮ ಬಿಳಿ ಕಾರಿಗೆ ಸೀಲೆಂಟ್ ಹಚ್ಚಿ ಮೂರು ವಾರವಾಗಿದೆ. ಬಾಗಿಲುಗಳ ಕೆಳಭಾಗದಲ್ಲಿ, ಡಿಕ್ಕಿಯ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಎದ್ದಿವೆ. ತೊಳೆದರೂ ಹೋಗುವುದಿಲ್ಲ. ಸೀಲೆಂಟೇ ಹಳದಿಗಟ್ಟಿ ಹೀಗಾಯಿತೇ?
— ಗಿಣಿಗೇರಿಯ ಓದುಗರು, ಕೊಪ್ಪಳ ತಾಲ್ಲೂಕು

ಉತ್ತರ: ಸೀಲೆಂಟ್ ಚುಕ್ಕೆ ಚುಕ್ಕೆಯಾಗಿ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಅದು ತುಕ್ಕು. ಅದೂ ನಿಮ್ಮ ಕಾರಿನ ತಗಡಿನದಲ್ಲ, ಹೊರಗಿನಿಂದ ಬಂದು ಕೂತ ಕಬ್ಬಿಣದ ಕಣಗಳದ್ದು. ಬಳ್ಳಾರಿ, ಸಂಡೂರಿನ ಕಡೆ ಅದಿರು ಲಾರಿಗಳಿಂದ ಏಳುವ ಕೆಂಪು ಧೂಳು ಮತ್ತು ಉಕ್ಕು, ಮೆದು ಕಬ್ಬಿಣದ ಕಾರ್ಖಾನೆಗಳ ಸುತ್ತಮುತ್ತ ಬೀಳುವ ಧೂಳು ನೋಡಲು ಒಂದೇ ಬಗೆಯ ಕೊಳೆಯೆನಿಸಿದರೂ ಬಣ್ಣದ ಮೇಲೆ ಅವುಗಳ ವರ್ತನೆ ಬೇರೆ. ಅದಿರಿನ ಧೂಳು ಹೆಮಟೈಟ್, ಎಂದರೆ ಆಗಲೇ ಆಮ್ಲಜನಕದೊಡನೆ ಸೇರಿ ಮುಗಿದ ಕಬ್ಬಿಣ. ಅದು ಗೀರುತ್ತದೆ, ಕೆಂಪಾಗಿ ಮೆತ್ತಿಕೊಳ್ಳುತ್ತದೆ, ಆದರೆ ಹೆಚ್ಚಿನ ಪಾಲು ನೀರಿನ ರಭಸಕ್ಕೆ ಹೋಗುತ್ತದೆ. ಕಾರ್ಖಾನೆಯ ಧೂಳಿನಲ್ಲಿ, ರೈಲು ಹಳಿಗಳ ಬಳಿ, ಅಷ್ಟೇಕೆ, ನಿಮ್ಮ ಬ್ರೇಕಿನ ಧೂಳಿನಲ್ಲಿಯೂ ಇರುವುದು ಇನ್ನೂ ಲೋಹವಾಗಿರುವ ಕಬ್ಬಿಣದ ಚೂರು. ಅದು ಬಣ್ಣದ ಮೇಲ್ಮೈಯಲ್ಲಿ ಕಚ್ಚಿಕೊಂಡು, ತೇವ ತಾಗಿದಾಗ ಅಲ್ಲಿಯೇ ತುಕ್ಕು ಹಿಡಿಯುತ್ತದೆ. ನೀವು ಸೀಲೆಂಟ್ ಹಚ್ಚುವಾಗ ಆ ಕಣಗಳು ಅಲ್ಲಿದ್ದವು, ಅವುಗಳ ಮೇಲೆಯೇ ಪೊರೆ ಕೂತಿದೆ.

ತೊಳೆದ ಕಾರು ನಿಜವಾಗಿ ಶುಚಿಯಾಗಿದೆಯೇ ಎಂದು ತಿಳಿಯಲು ಒಂದು ತೆಳು ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡು ಬಾನೆಟ್ ಮೇಲೆ ಮೆಲ್ಲಗೆ ಸವರಿ ನೋಡಿ. ಬರಿಗೈಗೆ ನುಣುಪಾಗಿ ತೋರಿದ ಜಾಗ ಚೀಲದ ಮೂಲಕ ರವೆ ಚೆಲ್ಲಿರುವಂತೆ ತರಿತರಿಯಾಗಿ ಸಿಕ್ಕರೆ ಅದು ಸೀಲೆಂಟ್ ಹಚ್ಚಲು ಸಿದ್ಧವಾಗಿಲ್ಲ. ಅಂತಹ ಒರಟಿನ ಮೇಲೆ ಹಚ್ಚಿದ ಸೀಲೆಂಟ್ ಪ್ರತಿ ಕಣದ ಬುಡದಲ್ಲಿ ನಿಂತು ಒಣಗುವುದರಿಂದ, ಒರೆಸುವಾಗ ಕಲೆ ಉಳಿಯಲು ಇದೂ ಒಂದು ಕಾರಣ, ಮತ್ತು ಈ ಮೂರು ಜಿಲ್ಲೆಗಳಲ್ಲಿ ಬಹುಶಃ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವ ಕಾರಣ.

ಅಂಗಡಿಗಳಲ್ಲಿ ಐರನ್ ರಿಮೂವರ್ ಎಂದು ಸಿಗುವ ದ್ರವವನ್ನು ತಣ್ಣಗಿರುವ ಬಣ್ಣದ ಮೇಲೆ ಸಿಂಪಡಿಸಿದರೆ ಕಬ್ಬಿಣವಿರುವಲ್ಲೆಲ್ಲ ನೇರಳೆ ಬಣ್ಣ ಹರಿಯತೊಡಗುತ್ತದೆ. ವಾಸನೆ ಕೆಟ್ಟದ್ದು, ಆದ್ದರಿಂದ ಗಾಳಿಯಾಡುವ ಜಾಗದಲ್ಲಿ ಕೈಗವಸು ಹಾಕಿಕೊಂಡು ಮಾಡಿ. ಡಬ್ಬಿಯಲ್ಲಿ ಹೇಳಿದ ಕೆಲವು ನಿಮಿಷಗಳನ್ನು ಮೀರಲು ಬಿಡದೆ, ಒಣಗುವ ಮುನ್ನವೇ ಚೆನ್ನಾಗಿ ತೊಳೆಯಿರಿ. ಉಳಿದ ಕಣಗಳಿಗೆ ಕ್ಲೇ ಬಾರ್, ಎಂದರೆ ಬಣ್ಣಕ್ಕೆ ಕಚ್ಚಿದ ಕಣಗಳನ್ನು ಎತ್ತಿಕೊಳ್ಳುವ ಜೇಡಿಯಂತಹ ಮೆತ್ತನೆಯ ಉಂಡೆ, ಬಳಸಬೇಕು: ಬಣ್ಣವನ್ನು ಶಾಂಪೂ ನೀರಿನಿಂದ ಜಾರುವಂತೆ ಒದ್ದೆ ಮಾಡಿ, ಕ್ಲೇ ಉಂಡೆಯನ್ನು ಚಪ್ಪಟೆ ಮಾಡಿ, ಒತ್ತದೆ ನೇರ ಗೆರೆಯಲ್ಲಿ ಜಾರಿಸಬೇಕು, ಆಗಾಗ ಮಡಚಿ ಶುಭ್ರವಾದ ಬದಿಯನ್ನು ಹೊರಗೆ ತರಬೇಕು. ಅದು ಒಮ್ಮೆ ನೆಲಕ್ಕೆ ಬಿದ್ದರೆ ಎಷ್ಟೇ ದುಬಾರಿಯಾಗಿದ್ದರೂ ಎಸೆದುಬಿಡಿ, ಮರಳು ಹತ್ತಿದ ಕ್ಲೇ ಕಾರಿಗೆ ಶತ್ರು. ಇಷ್ಟಾದ ಮೇಲೆ ಹಳೆಯ ಸೀಲೆಂಟ್ ಬಹುಮಟ್ಟಿಗೆ ಹೋಗಿರುತ್ತದೆ, ಹೊಸದಾಗಿ ಹಚ್ಚಬೇಕಾಗುತ್ತದೆ.

ಪ್ರಶ್ನೆ: ಸೀಲೆಂಟ್ ಹಚ್ಚುವಾಗ ಬಂಪರಿನ ಕಪ್ಪು ಪ್ಲಾಸ್ಟಿಕ್ ಪಟ್ಟಿಗೆ, ಕಂಪನಿಯ ಹೆಸರಿನ ಅಕ್ಷರಗಳ ಸಂದಿಗೆ ತಾಗಿ ಬೆಳ್ಳಗಾಗಿದೆ. ನಮ್ಮ ಗ್ಯಾರೇಜಿನವರು ಸೀಮೆಎಣ್ಣೆ ಇಲ್ಲವೇ ಡೀಸೆಲ್ ಹಾಕಿ ಒರೆಸಿದರೆ ಎಲ್ಲ ಕಡೆಯ ಕಲೆಯೂ ಹೋಗುತ್ತದೆ ಎನ್ನುತ್ತಾರೆ. ಹೌದೇ?
— ಗಂಗಾವತಿಯ ಓದುಗರು

ಉತ್ತರ: ಹಾಕಿದ ಕೂಡಲೇ ಕಲೆ ಮಾಯವಾದಂತೆ ಕಾಣುವುದು ನಿಜ, ಏಕೆಂದರೆ ಎಣ್ಣೆಯ ಪಸೆ ಕಲೆಯನ್ನು ಮರೆಮಾಡುತ್ತದೆ. ಒಂದೆರಡು ದಿನದಲ್ಲಿ ಆ ಪಸೆಗೆ ಧೂಳು ಹತ್ತಿ ಮೊದಲಿಗಿಂತ ಕೆಟ್ಟದಾಗುತ್ತದೆ. ಸೀಲೆಂಟ್ ದುರ್ಬಲವಾಗುತ್ತದೆ, ಬಾಗಿಲಿನ ರಬ್ಬರು ಉಬ್ಬಿ ಹಾಳಾಗುತ್ತದೆ. ಬೆಂಕಿಯ ಅಪಾಯವಂತೂ ಇದ್ದೇ ಇದೆ. ಪೆಟ್ರೋಲ್ ಮತ್ತು ಥಿನ್ನರ್ ಇನ್ನೂ ಕೆಟ್ಟವು, ಥಿನ್ನರ್ ಬಣ್ಣವನ್ನೇ ಕರಗಿಸಬಲ್ಲದು.

ತರಿಯಿರುವ ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ಕುಳಿಗಳಲ್ಲಿ ಬಿಳಿ ಪುಡಿ ಕೂತಿರುವುದರಿಂದ ಬಟ್ಟೆಗೆ ಅದು ಸಿಗುವುದಿಲ್ಲ. ಬೆಚ್ಚಗಿನ ಶಾಂಪೂ ನೀರು ಅಥವಾ ನೀರು ಬೆರೆಸಿದ ಆಲ್ ಪರ್ಪಸ್ ಕ್ಲೀನರ್ ಹಾಕಿ, ಮೃದುವಾದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ, ಅಗತ್ಯವಿದ್ದರೆ ಇನ್ನೊಮ್ಮೆ ಮಾಡಿ. ಅಕ್ಷರಗಳ ಸಂದಿಗೂ ಅದೇ ಬ್ರಶ್ಶು, ಆದರೆ ಅಲ್ಲಿ ಕೈ ಹಗುರವಾಗಿರಲಿ, ಸುತ್ತಲಿನ ಬಣ್ಣಕ್ಕೆ ಬ್ರಶ್ಶು ತಾಗುತ್ತಿರುತ್ತದೆ. ಹಚ್ಚುವ ಮೊದಲೇ ಪ್ಲಾಸ್ಟಿಕ್ ಪಟ್ಟಿಗಳಿಗೆ ಬಣ್ಣದವರು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿಬಿಟ್ಟರೆ ಈ ಕೆಲಸವೇ ಇರುವುದಿಲ್ಲ. ಇನ್ನೊಂದು ಮಾತು: ಗಂಗಾವತಿ, ಸಿಂಧನೂರು, ಕಾರಟಗಿಯಂತಹ ಕಾಲುವೆ ನೀರಾವರಿ ಪ್ರದೇಶಗಳಲ್ಲಿ ಚಳಿಗಾಲದ ಬೆಳಗ್ಗೆ ಕಾರಿನ ಮೇಲೆ ಇಬ್ಬನಿ ಚೆನ್ನಾಗಿಯೇ ಕೂರುತ್ತದೆ. ನಾನು ಮೇಲೆ ಬೆಳಗಿನ ಜಾವವನ್ನು ಶಿಫಾರಸು ಮಾಡಿದ್ದರೂ ಅಲ್ಲಿಯವರು ಇಬ್ಬನಿಯನ್ನು ಪೂರ್ತಿ ಒರೆಸಿ, ಬಾಗಿಲಿನ ಸಂದಿ ಮತ್ತು ಕನ್ನಡಿಗಳ ಕೆಳಗಿನಿಂದ ಇಳಿಯುವ ನೀರನ್ನೂ ತೆಗೆದ ಮೇಲೆಯೇ ಆರಂಭಿಸಬೇಕು. ಒದ್ದೆಯ ಮೇಲೆ ಹಚ್ಚಿದ ಸೀಲೆಂಟ್ ಹಿಡಿಯದೆ ಪಟ್ಟೆ ಪಟ್ಟೆಯಾಗಿ ಉಳಿಯುತ್ತದೆ.

ಪ್ರಶ್ನೆ: ಆಯುಧಪೂಜೆಯ ಹಿಂದಿನ ರಾತ್ರಿ ಸೀಲೆಂಟ್ ಹಚ್ಚಿ, ಬೆಳಗ್ಗೆ ಪೂಜೆ ಮಾಡಿದೆವು. ವಿಭೂತಿ, ಅರಿಶಿನ, ಕುಂಕುಮ ಹಚ್ಚಿದ ಜಾಗವೆಲ್ಲ ಬಾನೆಟ್ ಮೇಲೆ ಕಲೆಯಾಗಿ ನಿಂತಿದೆ. ಪೂಜೆ ಬಿಡುವ ಹಾಗಿಲ್ಲ, ಏನು ಮಾಡಬೇಕು?
— ಸಿರುಗುಪ್ಪದ ಓದುಗರು

ಉತ್ತರ: ಪೂಜೆ ಬಿಡಬೇಕಾಗಿಲ್ಲ, ಸೀಲೆಂಟನ್ನು ಪೂಜೆಗೆ ಎರಡು ದಿನ ಮೊದಲೇ ಹಚ್ಚಿಕೊಂಡರೆ ಸಾಕು. ಒರೆಸಿದ ನಂತರವೂ ಪಾಲಿಮರ್ ಪೂರ್ಣವಾಗಿ ಗಟ್ಟಿಯಾಗಲು ಬಹುತೇಕ ಮಾಲುಗಳಿಗೆ 12ರಿಂದ 24 ಗಂಟೆ ಬೇಕು. ಅಷ್ಟರೊಳಗೆ ನೀರೂ ತಾಗದಿರುವುದು ಒಳ್ಳೆಯದು. ಹಾಗಿರುವಾಗ ನೀರಿನಲ್ಲಿ ಕಲಸಿದ ವಿಭೂತಿ, ಕುಂಕುಮ ತಾಗಿದರೆ ಅವು ಇನ್ನೂ ಮೆತ್ತಗಿರುವ ಪೊರೆಯೊಳಗೆ ಸೇರುತ್ತವೆ. ನೀವು ಹೇಳುವ ಜಾಗಗಳನ್ನು ಮೊದಲು ಶಾಂಪೂವಿನಿಂದ ತೊಳೆದು, ಆಮೇಲೆ ಮೊದಲ ಉತ್ತರದಲ್ಲಿ ಹೇಳಿದಂತೆ ಅದೇ ಸೀಲೆಂಟನ್ನು ತೆಳ್ಳಗೆ ಹಚ್ಚಿ ಕೂಡಲೇ ಒರೆಸಿ ನೋಡಿ. ಅರಿಶಿನದ ಛಾಯೆ ಉಳಿದರೆ ಹೆದರಬೇಡಿ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಕುಂಕುಮಕ್ಕೆ ಬೆರೆಸುವ ಕೃತಕ ಬಣ್ಣಕ್ಕೆ ಆ ಗುಣವಿಲ್ಲ, ಅದಕ್ಕೆ ಆಲ್ಕೋಹಾಲ್ ಮಿಶ್ರಣವನ್ನು ಬಳಸಿ. ಒಣಗಿದ ವಿಭೂತಿಯನ್ನು ಮಾತ್ರ ಒಣ ಬಟ್ಟೆಯಿಂದ ಉಜ್ಜಬೇಡಿ.

ಬೊಟ್ಟನ್ನು ಮುಂದಿನ ಗಾಜಿನ ಅಂಚಿಗೋ ನಂಬರ್ ಪ್ಲೇಟಿಗೋ ಇಡುವುದನ್ನು ಮನೆಯ ಹಿರಿಯರು ಒಪ್ಪಿದರೆ ತೊಂದರೆಯೇ ಇಲ್ಲ, ಗಾಜಿನ ಮೇಲಿನದು ಒಂದು ಒದ್ದೆ ಬಟ್ಟೆಗೆ ಹೋಗುತ್ತದೆ. ಬಾಳೆಕಂದು, ಹೂಮಾಲೆ ಕಟ್ಟಲು ಬಣ್ಣದ ಮೇಲೆ ಸೆಲ್ಲೋ ಟೇಪ್ ಅಂಟಿಸುವುದನ್ನೂ ತಪ್ಪಿಸಿ. ಬಿಸಿಲಿಗೆ ಕಾದ ಟೇಪಿನ ಗೋಂದು ಸೀಲೆಂಟಿಗಿಂತ ಹಟಮಾರಿ.

ಪ್ರಶ್ನೆ: ಸೀಲೆಂಟ್ ಬದಲು ಸೆರಾಮಿಕ್ ಕೋಟಿಂಗ್ ಬಾಟಲಿ ತಂದು ಮನೆಯಲ್ಲೇ ಹಚ್ಚಿದೆ. ಮರುದಿನ ನೋಡಿದರೆ ಅಲ್ಲಲ್ಲಿ ಕಪ್ಪಾಗಿ, ದಪ್ಪಗೆ ಕಾಣುವ ಪಟ್ಟೆಗಳಿವೆ. ಆಲ್ಕೋಹಾಲಿಗೆ ಹೋಗಲಿಲ್ಲ.
— ಓದುಗರೊಬ್ಬರು, ರಾಯಚೂರು

ಉತ್ತರ: ಹೋಗುವುದೂ ಇಲ್ಲ. ಸೆರಾಮಿಕ್ ಕೋಟಿಂಗ್ ಗಟ್ಟಿಯಾದ ಮೇಲೆ ಬಣ್ಣದ ಮೇಲೆ ಗಾಜಿನಂತಹ ಸಿಲಿಕಾ ಜಾಲವಾಗಿ ನಿಲ್ಲುತ್ತದೆ. ಒರೆಸದೆ ಉಳಿದ ಹೆಚ್ಚುವರಿ ಹಾಗೆಯೇ ಉಬ್ಬಾಗಿ ನಿಂತಿರುವುದು ನಿಮಗೆ ಪಟ್ಟೆಯಾಗಿ ಕಾಣುತ್ತಿದೆ. ಹಚ್ಚಿದ ಒಂದೆರಡು ಗಂಟೆಯೊಳಗೆ ಕಂಡಿದ್ದರೆ ಅದೇ ಕೋಟಿಂಗಿನ ಒಂದು ಹನಿಯನ್ನು ಅದರ ಮೇಲೆ ಹಚ್ಚಿ ಒರೆಸಿ ಸರಿಪಡಿಸಬಹುದಿತ್ತು. ಈಗ ಪಾಲಿಶಿಂಗ್ ಯಂತ್ರದಿಂದ ಆ ಭಾಗವನ್ನು ಸವೆಸಿ, ಅಲ್ಲಿಗಷ್ಟೇ ಪುನಃ ಕೋಟಿಂಗ್ ಮಾಡಬೇಕು. ಕೈ ಪಳಗದಿದ್ದರೆ ಇದನ್ನು ಡೀಟೇಲಿಂಗ್ ಅಂಗಡಿಯವರಿಗೆ ಬಿಡುವುದು ಕ್ಷೇಮ. ರಾಯಚೂರಿನ ಬಿಸಿಲಿನಲ್ಲಿ ಬಯಲಲ್ಲಿ ನಿಂತು ಸೆರಾಮಿಕ್ ಹಚ್ಚುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಮನೆಯಲ್ಲಿ ಮಾಡಿಕೊಳ್ಳುವವರಿಗೆ ಸಾಮಾನ್ಯ ಪಾಲಿಮರ್ ಸೀಲೆಂಟೇ ಮೇಲು: ಅದು ಹೆಚ್ಚೆಂದರೆ ಆರು ತಿಂಗಳು, ನಮ್ಮ ಬಿಸಿಲು, ಗಡಸು ನೀರಿಗೆ ಮೂರು ನಾಲ್ಕು ತಿಂಗಳು ಬಾಳಬಹುದು, ಆದರೆ ಅದರಲ್ಲಿ ಆದ ತಪ್ಪನ್ನು ತಿದ್ದಲು ಯಂತ್ರ ಬೇಕಾಗುವುದು ಅಪರೂಪ.

ಪ್ರಶ್ನೆ: ಒರೆಸಲು ಮೈಕ್ರೋಫೈಬರ್ ಬಟ್ಟೆಯೇ ಬೇಕೇ? ಹಳೆಯ ಬನಿಯನ್ ಬಟ್ಟೆ, ಜೀನ್ಸ್ ಹೊಲಿಯುವಲ್ಲಿ ಮಿಕ್ಕ ತುಂಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೈಕ್ರೋಫೈಬರ್ ಬಟ್ಟೆಯೂ ಎರಡು ಸಲಕ್ಕೇ ಹಾಳಾಯಿತು, ಈಗ ಒರೆಸಿದರೆ ಅದೇ ಗೆರೆ ಬಿಡುತ್ತಿದೆ.
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಜೀನ್ಸ್ ತುಂಡನ್ನು ಟೈರು ಒರೆಸಲು ಇಟ್ಟುಕೊಳ್ಳಿ, ಬಣ್ಣದ ಹತ್ತಿರ ತರಬೇಡಿ, ಅದರ ನೇಯ್ಗೆ ಒರಟು. ಬನಿಯನ್ ಬಟ್ಟೆ ಮೃದುವೇ ಆದರೂ ಒಣಗಿದ ಸೀಲೆಂಟನ್ನು ಎತ್ತಿಕೊಳ್ಳದೆ ಅತ್ತಿತ್ತ ತಳ್ಳುತ್ತದೆ, ಹೊಲಿಗೆಯ ದಾರವಿದ್ದರೆ ಗೀರುತ್ತದೆ. ಚದರ ಮೀಟರಿಗೆ 300ರಿಂದ 400 ಗ್ರಾಂ ತೂಕದ ಮೈಕ್ರೋಫೈಬರ್ ಬಟ್ಟೆಗಳು ಮೂರು ನಾಲ್ಕಾದರೂ ಬೇಕು: ಮೊದಲ ಒರಸಿಗೆ ಒಂದು, ಅಂತಿಮ ಒರಸಿಗೆ ಇನ್ನೊಂದು, ಅವು ತುಂಬಿದಾಗ ಬದಲಿಸಲು ಉಳಿದವು. ಎಂಟು ಮಡಿಕೆ ಮಾಡಿ, ಒಂದು ಬದಿ ಜಿಡ್ಡಾದ ಕೂಡಲೇ ಇನ್ನೊಂದಕ್ಕೆ ತಿರುಗಿಸಿ.

ನಿಮ್ಮ ಬಟ್ಟೆ ಹಾಳಾಗಿರುವುದು ಒಗೆಯುವ ರೀತಿಯಿಂದ ಇರಬಹುದು. ಬಟ್ಟೆ ಮೆತ್ತಗಾಗಲು ಹಾಕುವ ಕಂಡಿಷನರ್ ಮೈಕ್ರೋಫೈಬರಿನ ಎಳೆಗಳಿಗೆ ಮೆತ್ತಿಕೊಂಡು, ಅದು ಹೀರುವುದನ್ನು ನಿಲ್ಲಿಸುತ್ತದೆ, ಆಗ ಬಟ್ಟೆಯೇ ಕಾರಿನ ಮೇಲೆ ಗೆರೆ ಬಿಡುತ್ತದೆ. ಸೀಲೆಂಟ್ ಬಟ್ಟೆಯಲ್ಲೇ ಒಣಗಿ ಗಟ್ಟಿಯಾಗಲು ಬಿಡದೆ, ಕೆಲಸ ಮುಗಿದ ದಿನವೇ ದ್ರವರೂಪದ ಸೋಪಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ, ಇತರ ಹತ್ತಿ ಬಟ್ಟೆಗಳೊಡನೆ ಸೇರಿಸದೆ ಒಗೆಯಿರಿ. ನೆರಳಿನಲ್ಲಿ ಒಣಗಿಸಿ, ಮುಚ್ಚಿದ ಡಬ್ಬದಲ್ಲಿ ಇಡಿ, ಇಸ್ತ್ರಿ ಮಾಡಬೇಡಿ. ಈಗಿರುವ ಬಟ್ಟೆಗಳನ್ನು ಹೀಗೆ ಎರಡು ಮೂರು ಸಲ ಒಗೆದ ಮೇಲೆ ಒಂದು ಹನಿ ನೀರಿನ ಮೇಲೆ ಇಟ್ಟು ನೋಡಿ. ನೀರನ್ನು ಹೀರಿಕೊಂಡರೆ ಮತ್ತೆ ಬಳಸಬಹುದು, ತಳ್ಳಿದರೆ ಅವನ್ನು ಚಕ್ರಗಳಿಗೆ ಮೀಸಲಿಡಿ.